ಬೇಡಕ್ಕ ‘ಬೇಕು’ ಅಂದ ಕೂಲರ್

ಆಗಷ್ಟೇ ಬೆಳಕು ಹರಿಯುತ್ತಿದೆ. ಶೆಡ್ಡಿನ ಮೂಲೆಯಲ್ಲಿ ನೀರಿನ ತೊಟ್ಟಿಯ ಮುಂದೆ ಬೇಡಕ್ಕ ಕುಕ್ಕರಗಾಲಲ್ಲಿ ಕೂತಿದ್ದಾರೆ. ತೊಟ್ಟಿಯೊಳಗೆ ಅವರೇ ಬೆಸೆದ ಆಯಿಲ್ ಕೂಲರ್ ಮುಳುಗಿದೆ. ಅದರ ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಗಾಳಿಯ ಪೈಪು ಸಿಕ್ಕಿಸಿದ್ದಾರೆ. ಒಂದೇ ಒಂದು ಗುಳ್ಳೆ ಎದ್ದರೂ ಬೆಸುಗೆ ಸೋರುತ್ತಿದೆ ಎಂದರ್ಥ. ಮಾತಾಡಿಸಲು ಹೋದ ಪತ್ರಿಕೆಯವರಿಗೆ ಕೈ ಅಡ್ಡ ಹಿಡಿದು, ನೀರನ್ನೇ ನೋಡುತ್ತಾರೆ. ಕೊನೆಗೆ ಸೊಂಟಕ್ಕೆ ಕೈಕೊಟ್ಟು ಮೇಲೇಳುತ್ತಾರೆ.

"ಸೋರ್ತಿಲ್ಲ. ಇದು ನನ್ನ ಮಗಳ ಕಾರಿಗೆ. ಮಧ್ಯಾಹ್ನ ಅವಳ ರೇಸು."

ಆಯಿಲ್ ಕೂಲರ್ ಎಂದರೆ ಇಂಜಿನ್ನಿನಲ್ಲಿ ಕಾದ ಎಣ್ಣೆಯನ್ನು ಹೊರಗೆ ತಂದು, ಗಾಳಿಗೆ ತಣಿಸಿ, ಮತ್ತೆ ಒಳಗೆ ಕಳಿಸುವ ಜಾಲರಿ. ಬೇಡಕ್ಕನ ಹೊಟ್ಟೆಪಾಡು ಅದೇ. ಆದರೆ ಹತ್ತು ಜನ ಕೊಳ್ಳಲು ಬಂದರೆ ಏಳೆಂಟು ಮಂದಿಗೆ "ಬೇಡ" ಎಂದು ಹೇಳಿ ಕಳಿಸುತ್ತಾರೆ. ಆ ಹೆಸರು ಅಂಟಿಕೊಂಡದ್ದು ಹಾಗೆ. ಅಪ್ಪ ಅಮ್ಮ ಇಟ್ಟ ಹೆಸರು ಕರೆಂಟು ಬಿಲ್ಲಿನಲ್ಲಿ ಮಾತ್ರ ಉಳಿದಿದೆ.

ಇಂಜಿನ್ನಿಗೆ ಹೆಚ್ಚು ಗಾಳಿ ತುರುಕಿ ಶಕ್ತಿ ಏರಿಸುವ ಟರ್ಬೊ ಇರುವ ಕಾರು ಕೊಂಡ ಹುಮ್ಮಸ್ಸಿನಲ್ಲಿ ಬರುವವರಿಗೆ ಅವರು ಮೊದಲು ಕೇಳುವುದು, "ಎಲ್ಲಿ ಓಡಿಸ್ತೀಯಪ್ಪ?" ಎಂದು. ಮನೆಯಿಂದ ಆಫೀಸಿಗೆ ಎಂದರೆ ವ್ಯಾಪಾರ ಅಲ್ಲಿಗೇ ಮುಗಿಯಿತು.

"ಟರ್ಬೊ ಇದ್ರೆ ಎಣ್ಣೆಗೆ ಬಿಸಿ ಜಾಸ್ತಿ, ಸುಳ್ಳಲ್ಲ. ಆದ್ರೆ ರಸ್ತೆ ಮೇಲೆ ಎಷ್ಟು ದೂರ ಅಂತ ಜೋರಾಗಿ ಓಡಿಸ್ತಾರೆ? ಮುಂದಿನ ಸಿಗ್ನಲ್ ತನಕ. ಅಷ್ಟಕ್ಕೆ ಕಂಪನಿಯವರು ಕೊಟ್ಟಿರೋದೇ ಸಾಕು. ಶೋಕಿಗೆ ದೊಡ್ಡ ಕೂಲರ್ ಹಾಕಿದ್ರೆ ಎಣ್ಣೆ ಬಿಸಿಯಾಗೋಕೆ ಮುಂಚೆ ಆಫೀಸೇ ಬಂದಿರುತ್ತೆ. ತಣ್ಣಗಿರೋ ಎಣ್ಣೆ ದಪ್ಪ, ಇಂಜಿನ್‌ಗೆ ಅದೂ ಒಳ್ಳೇದಲ್ಲ. ಮೊದ್ಲು ಎಣ್ಣೆಯ ಬಿಸಿ ತೋರ್ಸೋ ಮೀಟರ್ ಹಾಕ್ಸು, ಆಮೇಲೆ ಬಾ ಅಂತೀನಿ."

ಅಂಗಡಿ ಅವರ ಮಾವನದು. ಲಾರಿ ರೇಡಿಯೇಟರ್ ರಿಪೇರಿ ಮಾಡುತ್ತಿದ್ದ ಮಾವನಿಗೆ ಕೈ ನಡುಗಲು ಶುರುವಾದಾಗ, ಗಂಡ ಲಾರಿಯ ಮೇಲೆ ಊರೂರು ಅಲೆಯುತ್ತಿದ್ದರು. ವೆಲ್ಡಿಂಗ್ ಟಾರ್ಚ್ ಸೊಸೆಯ ಕೈಗೆ ಬಂತು. ನೆಂಟರು ಮೂಗು ಮುರಿದರು. "ಮುರೀಲಿ ಬಿಡು, ಬೇಕಾದ್ರೆ ಬೆಸೆದು ಕೊಡು," ಎಂದರಂತೆ ಮಾವ. ಮಗಳು ಹುಟ್ಟಿದಾಗ ಹಳೆಯ ಲಾರಿ ಟಯರಿನೊಳಗೆ ಕಂಬಳಿ ಹಾಸಿ ಮಲಗಿಸಿ ಕೆಲಸ ಮಾಡಿದ್ದಾರೆ. ಆ ಮಗಳು ಟಯರಿಗೇ ಅಂಟಿಕೊಂಡು ಬೆಳೆದು, ಈಗ ರೇಸಿಗೆ ಬಿದ್ದಿದ್ದಾಳೆ.

ಹೋದ ವರ್ಷದ ಮಾತು ಬಂದಾಗ ಬೇಡಕ್ಕನ ದನಿ ಇಳಿಯುತ್ತದೆ. ಮಗಳು ಹಳೆಯ ಟರ್ಬೊ ಕಾರೊಂದನ್ನು ಕೊಂಡು ರೇಸಿಗೆ ಸಜ್ಜು ಮಾಡಿದ್ದಳು. ಕೂಲರ್ ಬೇಕಾ ಅಮ್ಮ ಎಂದು ಕೇಳಿದಳು. ಅಮ್ಮ ಮೀಟರ್ ಹಾಕಿ, ಒಂದು ದಿನ ಬೆಳಗ್ಗೆ ಟ್ರ್ಯಾಕಿನಲ್ಲಿ ಮಗಳಿಂದ ನಾಲ್ಕು ಸುತ್ತು ಓಡಿಸಿ ನೋಡಿದರು. ಮೀಟರಿನ ಮುಳ್ಳು ಹದ ದಾಟಲಿಲ್ಲ. ಬೇಡ ಎಂದರು.

ರೇಸು ನಡೆದದ್ದು ಮಧ್ಯಾಹ್ನದ ಉರಿಬಿಸಿಲಲ್ಲಿ. ಸುತ್ತಿನ ಮೇಲೆ ಸುತ್ತು, ಮುಂದಿನ ಕಾರುಗಳ ಬಿಸಿಗಾಳಿ ಬೇರೆ. ಎಣ್ಣೆ ಕಾದು ನೀರಿನಂತೆ ತೆಳ್ಳಗಾಗಿ, ಅರ್ಧ ದಾರಿಯಲ್ಲಿ ಇಂಜಿನ್ ಕಚ್ಚಿಕೊಂಡು ನಿಂತಿತು. ಹುಡುಗಿಗೆ ಕಾರು ಹಿಂಡುವುದಷ್ಟೇ ಗೊತ್ತು, ಓಡಿಸಲು ಬರುವುದಿಲ್ಲ ಎಂದು ಎಲ್ಲರೂ ಆಡಿಕೊಂಡರು. ಅವಳನ್ನು ಸೇರಿಸಿಕೊಳ್ಳಬೇಕೆಂದಿದ್ದ ರೇಸ್ ತಂಡದವರೂ ಹಿಂದೆ ಸರಿದರು. ಮಗಳು ಅಮ್ಮನ ಹೆಸರೆತ್ತಲಿಲ್ಲ. ನಾನೇ ಆಕ್ಸಿಲರೇಟರ್ ಜಾಸ್ತಿ ತುಳಿದೆ ಎಂದುಬಿಟ್ಟಳು.

"ಮನೆಗೆ ಬಂದ್ಮೇಲೆ ಕೇಳ್ದೆ, ಮುಳ್ಳು ಏರೋದು ಕಾಣ್ಲಿಲ್ವೇನೇ ಅಂತ. ಕಾಣ್ತಮ್ಮಾ, ಆದ್ರೆ ನೀನು ಬೇಡ ಅಂದಿದ್ಯಲ್ಲ, ಮೀಟರ್ರೇ ಕೆಟ್ಟಿರ್ಬೇಕು ಅಂದ್ಕೊಂಡೆ ಅಂದ್ಲು." ಬೇಡಕ್ಕ ಗಾಳಿಯ ಪೈಪನ್ನು ಸುತ್ತಿಡುತ್ತಾರೆ. "ಅವತ್ತು ಟ್ರ್ಯಾಕಲ್ಲಿ ಎಲ್ರೂ ಅವಳನ್ನ ಅಂತಿದ್ರು. ನಾನು ಅಲ್ಲೇ ನಿಂತಿದ್ದೆ. ನಂಗೆ ಬಾಯೇ ಬರ್ಲಿಲ್ಲ."

ಹೊಸ ಇಂಜಿನ್ ಕೂತ ಮೇಲೆ ಅಮ್ಮ ಮಗಳು ಮತ್ತೆ ಟ್ರ್ಯಾಕಿಗೆ ಹೋದರು. ಈ ಸಲ ನೆತ್ತಿ ಸುಡುವ ಹೊತ್ತಿನಲ್ಲಿ, ಇಡೀ ರೇಸಿನಷ್ಟು ದೂರ. ಮುಳ್ಳು ಏರುತ್ತಲೇ ಹೋಯಿತು. ಬೇಡಕ್ಕ ತಮ್ಮ ಮನೆಯ ಕಾರಿಗೆ ಮೊದಲ ಸಲ "ಬೇಕು" ಎಂದರು. ಎಣ್ಣೆ ಹದಕ್ಕೆ ಬಿಸಿಯಾಗುವವರೆಗೆ ಕೂಲರಿನ ದಾರಿ ಮುಚ್ಚಿಡುವ ಥರ್ಮೋಸ್ಟಾಟ್ ಕೂಡ ಜೊತೆಗಿಟ್ಟಿದ್ದಾರೆ. ಬೆಳಗ್ಗೆ ತೊಟ್ಟಿಯಿಂದ ಎದ್ದದ್ದು ಅದೇ ಕೂಲರ್. ಈಗ ಅದು ಬಂಪರಿನ ಹಿಂದೆ ಕೂತಿದೆ.

ಮಧ್ಯಾಹ್ನ. ಟ್ರ್ಯಾಕಿನ ತಡೆಗೋಡೆಗೆ ಕೈ ಇಟ್ಟರೆ ಚುರ್ ಎನ್ನುತ್ತದೆ. ಯಾರು ಮುಂದೆ, ಯಾರು ಹಿಂದೆ ಎಂಬುದು ಬೇಡಕ್ಕನಿಗೆ ಬೇಕಿಲ್ಲ. ಹೋದ ವರ್ಷ ಕಾರು ನಿಂತ ತಿರುವನ್ನೇ ನೋಡುತ್ತಿದ್ದಾರೆ. ಮಗಳ ಕಾರು ಆ ತಿರುವು ದಾಟಿದಾಗಲೆಲ್ಲ ಒಮ್ಮೆ ಉಸಿರು ಬಿಡುತ್ತಾರೆ. ಕಾರು ನಾಲ್ಕನೆಯದಾಗಿ ಗುರಿ ಮುಟ್ಟುತ್ತದೆ, ಇಂಜಿನ್ ಸ್ವರ ಒಂದಿಷ್ಟೂ ಕೆಟ್ಟಿಲ್ಲ.

ಹೆಲ್ಮೆಟ್ ತೆಗೆಯುತ್ತ ಮಗಳು ಹೇಳುವ ಮೊದಲ ಮಾತು: "ಅಮ್ಮ, ಮುಳ್ಳು ಹದದಲ್ಲೇ ಇತ್ತು." ಅಮ್ಮ ಆಗಲೇ ಬಗ್ಗಿ ಪೈಪಿನ ಜಾಯಿಂಟಿಗೆ ಚಿಂದಿ ಬಟ್ಟೆ ಒತ್ತಿ ನೋಡುತ್ತಿದ್ದಾರೆ. ಬಟ್ಟೆಗೆ ಎಣ್ಣೆ ಹತ್ತಿಲ್ಲ. ಆ ಮುಖ ಅರಳುವುದನ್ನು ನೋಡಬೇಕು. ಸುತ್ತ ಜನ ಸೇರಿದ್ದಾರೆ, ಹಿಂದೆ ಸರಿದಿದ್ದ ತಂಡದವರೂ ಬಂದು ನಿಂತಿದ್ದಾರೆ. ಪತ್ರಿಕೆಯವರು ಫೋಟೊ ಕೇಳುತ್ತಾರೆ. ಇನ್ನೇನಾದರೂ ಆಸೆ ಇದೆಯೇ ಎಂದೂ ಕೇಳುತ್ತಾರೆ.

"ಫೋಟೊ ಆಮೇಲೆ. ಒಂದೇ ಒಂದು ಮಾತು ಬರ್ಕೊಳ್ಳಿ, ಅದಷ್ಟೇ ಆಸೆ," ಎನ್ನುತ್ತಾರೆ ಬೇಡಕ್ಕ, ಎಲ್ಲರಿಗೂ ಕೇಳುವ ಹಾಗೆ. "ಹೋದ ವರ್ಷ ಇಂಜಿನ್ ಹೋಗಿದ್ದು ಇವಳ ಕಾಲಿಂದ ಅಲ್ಲ, ನನ್ನ ಬಾಯಿಂದ. ಬೆಳಗಿನ ತಂಪಲ್ಲಿ ನೋಡಿ ಬೇಡ ಅಂದೋಳು ನಾನು. ನನ್ನ ಮಗಳು ಚೆನ್ನಾಗಿ ಓಡಿಸ್ತಾಳೆ."

ಮಗಳು ಅಮ್ಮನ ತೋಳು ಹಿಡಿಯುತ್ತಾಳೆ. "ಅಮ್ಮ, ಇದೆಲ್ಲ ಪೇಪರಲ್ಲಿ ಬಂದ್ರೆ ನಾಳೆಯಿಂದ ಅಂಗಡೀಲಿ ನಿನ್ನ ಮಾತು ಯಾರು ನಂಬ್ತಾರೆ?"

"ನನ್ನ ಮಾತು ಯಾಕೆ ನಂಬ್ಬೇಕು? ಮೀಟರ್ ನಂಬ್ಲಿ," ಎನ್ನುತ್ತಾರೆ ಬೇಡಕ್ಕ. "ಮಧ್ಯಾಹ್ನ ನೋಡ್ಲಿ, ಅಷ್ಟೆ."