ಬುಟ್ಟಿ ತೆಗೆದುಕೊಂಡ ಎಂಜಿನಿಯರ್

ಕಂಬಿ ಕಟ್ಟುವ ಮೇಸ್ತ್ರಿಯಾಗಿ ನನ್ನ ಅರ್ಧ ಆಯಸ್ಸು ಪರರಾಜ್ಯಗಳಲ್ಲೇ ಕಳೆದಿದೆ. ಸೇತುವೆ, ಮೆಟ್ರೊ, ಅಣೆಕಟ್ಟು, ಎಲ್ಲಿ ಕರೆದರೆ ಅಲ್ಲಿಗೆ ಗ್ಯಾಂಗ್ ಕಟ್ಟಿಕೊಂಡು ಹೋಗುತ್ತಿದ್ದೆ. ಹಬ್ಬಕ್ಕೆ ಊರಿಗೆ ಬಂದರೆ ಮಗಳು ಬಾಗಿಲ ಹಿಂದೆ ನಿಂತು ನನ್ನನ್ನು ನೆಂಟರಂತೆ ನೋಡುತ್ತಿದ್ದಳು. ಹಾಗಾಗಿ ಮಾಲೂರಿನ ಆಚೆ ದೊಡ್ಡ ರಸ್ತೆಯ ಮೇಲ್ಸೇತುವೆ ಕೆಲಸ ಸಿಕ್ಕಾಗ ನನಗೆ ಸ್ವರ್ಗಕ್ಕೆ ಮೂರೇ ಗೇಣು. ಶ್ರೀನಿವಾಸಪುರದ ಹತ್ತಿರದ ನಮ್ಮೂರಿನಿಂದ ಕಂಪನಿಯ ಟೆಂಪೊದಲ್ಲಿ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರಬಹುದಿತ್ತು. ನೋಡನೋಡುತ್ತಲೇ ಮಗಳು ನನ್ನ ಜೊತೆ ಜಗಳವಾಡುವಷ್ಟು ಹತ್ತಿರವಾದಳು. ನನಗೆ ಅದಕ್ಕಿಂತ ದೊಡ್ಡ ಸಂಬಳ ಬೇಕಿರಲಿಲ್ಲ.

ಆ ಕೆಲಸವೇ ಒಂದು ಬುಟ್ಟಿ ಮಾವಿನಹಣ್ಣಿನಿಂದ ಹೋಗುವುದರಲ್ಲಿತ್ತು.

ನನ್ನ ಗ್ಯಾಂಗಿನವರೆಲ್ಲ ಶ್ರೀನಿವಾಸಪುರ, ಮುಳಬಾಗಿಲಿನ ಕಡೆಯವರು. ಎಲ್ಲರಿಗೂ ತುಂಡು ತೋಟವಾದರೂ ಇದೆ. ನಮ್ಮವರು ಮಾವಿನ ಸುಗ್ಗಿಗೆ ರಜೆ ಅಂತ ಬಾಯಿಬಿಟ್ಟು ಕೇಳುವುದಿಲ್ಲ. ಕೆಲಸ ಕೊಟ್ಟ ಯಜಮಾನನಿಗೆ ಮೊದಲ ಕೊಯ್ಲಿನ ಒಂದು ಬುಟ್ಟಿ ಹಣ್ಣು ಕೊಡುತ್ತೇವೆ. ಆತ ತೆಗೆದುಕೊಂಡರೆ ಸುಗ್ಗಿ ಮುಗಿಸಿಕೊಂಡು ಬಾ ಎಂದರ್ಥ. ಈಗ ಬೇಡಪ್ಪ ಎಂದು ಬುಟ್ಟಿ ತಿರುಗಿಸಿದರೆ ಕೆಲಸದ ಒತ್ತಡವಿದೆ, ಹೋಗಬೇಡ ಎಂದರ್ಥ. ಮನೆ ಕಟ್ಟಿಸುವವರು, ಇಟ್ಟಿಗೆ ಗೂಡಿನವರು ಎಲ್ಲರಿಗೂ ಇದು ಗೊತ್ತು. ಸೈಟಿನ ಎಂಜಿನಿಯರ್ ಮಾತ್ರ ಉತ್ತರ ಭಾರತದ ಕಡೆಯ ಹುಡುಗ. ಅವರ ಶೆಡ್ಡಿಗೆ ಹೋಗಿ ಬಾದಾಮಿ ಮಾವಿನ ಬುಟ್ಟಿ ಇಟ್ಟು, ಪರರಾಜ್ಯಗಳಲ್ಲಿ ಕಲಿತ ಹಿಂದಿಯಲ್ಲಿ, "ಸುಗ್ಗಿ ಸಾರ್, ತೋಟಕ್ಕೆ ಹೋಗ್ಬರ್ತೀವಿ" ಎಂದೆ. ಅವರು ನಕ್ಕು ತಲೆಯಾಡಿಸಿ ಬುಟ್ಟಿ ಒಳಗಿಟ್ಟುಕೊಂಡರು. ಅಲ್ಲಿ ನಾವಿಬ್ಬರೇ ಇದ್ದೆವು.

ಸುಗ್ಗಿ ಮುಗಿಸಿ ಬಂದರೆ ಗೇಟಿನಲ್ಲಿ ನಮ್ಮ ಪಾಸುಗಳೆಲ್ಲ ರದ್ದು. ಹೇಳದೆ ಕೇಳದೆ ಕೆಲಸ ಬಿಟ್ಟು ಹೋದವರು ಎಂದು ಕಂಪನಿ ನಮ್ಮನ್ನು ತೆಗೆದುಹಾಕಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಕಾವಲುಗಾರನ ಮೇಲೆ ಕೂಗಾಡಿದೆ, ಪಾಪ, ಅವನೇನು ಮಾಡಿಯಾನು. ಗ್ಯಾಂಗಿನ ಹಿರಿಯನೊಬ್ಬ, "ಬಿಡನ್ನಾ, ಮತ್ತೆ ಗಂಟುಮೂಟೆ ಕಟ್ಟೋದೇ" ಅಂದ. ಗಂಟುಮೂಟೆ ಎಂದರೆ ಮತ್ತೆ ಯಾವುದೋ ದೂರದ ಊರು, ಮತ್ತೆ ಬಾಗಿಲ ಹಿಂದೆ ನಿಲ್ಲುವ ಮಗಳು.

ನಮ್ಮ ಪುಣ್ಯಕ್ಕೆ ಕೆಲಸದ ಒಪ್ಪಂದದಲ್ಲಿ ಮಧ್ಯಸ್ಥಿಕೆಯ ಮಾತಿತ್ತು. ಜಗಳ ಬಂದರೆ ಕೋರ್ಟು ಅಲೆಯದೆ, ಎರಡೂ ಕಡೆಯವರು ಒಪ್ಪಿದ ಒಬ್ಬರ ಮುಂದೆ ಕೂರಬೇಕು, ಅವರು ಹೇಳಿದ್ದೇ ಕೊನೆ. ಕೋಲಾರದ ನಿವೃತ್ತ ನ್ಯಾಯಾಧೀಶೆಯೊಬ್ಬರನ್ನು ಇಬ್ಬರೂ ಒಪ್ಪಿದೆವು. ಒಂದು ಸಣ್ಣ ಕೋಣೆ, ಉದ್ದನೆಯ ಮೇಜು. ಒಂದು ಬದಿಗೆ ಕಂಪನಿಯ ವಕೀಲರು ಮತ್ತು ಆ ಎಂಜಿನಿಯರ್, ಇನ್ನೊಂದು ಬದಿಗೆ ನಾನು.

ನಾನು ಬುಟ್ಟಿಯ ಪದ್ಧತಿ ವಿವರಿಸಿದೆ. ವಕೀಲರು ನಕ್ಕರು. "ಬುಟ್ಟಿ ಕೊಟ್ಟಿದ್ದನ್ನ ಯಾರು ನೋಡಿದ್ದಾರೆ?"

ಯಾರೂ ನೋಡಿರಲಿಲ್ಲ. ನನ್ನಂಥ ಕೋಪಿಷ್ಠರು ಮಾಡುವುದನ್ನೇ ಮಾಡಿದೆ, ಮೇಜು ಗುದ್ದಿದೆ.

"ಕೂತ್ಕೊಳಪ್ಪ, ಆ ಮೇಜು ನಿನಗೇನ್ ಮಾಡ್ತು?" ಎಂದರು ನ್ಯಾಯಾಧೀಶೆ ಅಮ್ಮಾವ್ರು, ದನಿ ಏರಿಸದೆ. ಆಮೇಲೆ ಎಂಜಿನಿಯರ್ ಕಡೆ ತಿರುಗಿ ಹಿಂದಿಯಲ್ಲೇ ಕೇಳಿದರು, ಬುಟ್ಟಿ ತೆಗೆದುಕೊಂಡಿರಾ ಎಂದು.

ಇಲ್ಲ ಎಂದಿದ್ದರೆ ಅಲ್ಲಿಗೆ ನನ್ನ ಕಥೆ ಮುಗಿದಿತ್ತು. ಹಾಗೇ ಅನ್ನುತ್ತಾರೆ ಎಂದುಕೊಂಡು ನಾನು ಎದ್ದುಹೋಗಲು ಚಪ್ಪಲಿಗೆ ಕಾಲು ತೂರಿಸುತ್ತಿದ್ದೆ. ಅವರು ಒಮ್ಮೆ ವಕೀಲರ ಮುಖ ನೋಡಿದರು.

"ತಗೊಂಡೆ ಮೇಡಂ. ಹಣ್ಣು ತಿಂದೆ ಕೂಡ. ತೋಟಕ್ಕೆ ಹೋಗಿ ಬರ್ತೀವಿ ಅಂತ ಇವರು ಹೇಳಿದ್ದೂ ನಿಜ. ಸಂಜೆ ಹೋಗಿ ಬೆಳಿಗ್ಗೆ ಬರ್ತಾರೆ ಅಂದ್ಕೊಂಡು ಆಗಲಿ ಅಂತ ತಲೆಯಾಡಿಸಿದೆ. ಎಷ್ಟು ದಿನ ಅಂತ ಕೇಳಬೇಕಿತ್ತು, ಕೇಳಲಿಲ್ಲ."

ವಕೀಲರು ನೀರಿನ ಲೋಟಕ್ಕೆ ಕೈ ಹಾಕಿದರು. ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ, ಕಣ್ಣು ತುಂಬಿ ಬಂತು. ಸಂಬಳ ಕೊಡುವ ಕಂಪನಿಯ ಪಕ್ಕದಲ್ಲೇ ಕೂತು, ಸಾಕ್ಷಿಯೇ ಇಲ್ಲದ ಮಾತನ್ನು ಆ ಹುಡುಗ ತಾನಾಗಿ ಒಪ್ಪಿಕೊಂಡಿದ್ದ.

ಅಮ್ಮಾವ್ರು ತೀರ್ಪು ಹೇಳಿದರು. ಎಲ್ಲರನ್ನೂ ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಬೇಕು. ಇನ್ನು ಮುಂದೆ ಸುಗ್ಗಿಗೆ ಗ್ಯಾಂಗು ಎರಡು ಪಾಳಿಯಾಗಿ ಹೋಗಬೇಕು, ಕೆಲಸ ನಿಲ್ಲಬಾರದು. ಕೊನೆಗೆ ನನ್ನ ಕಡೆ ನೋಡಿ, "ಬುಟ್ಟಿ ಕೊಡು, ಯಾರು ಬೇಡ ಅಂತಾರೆ? ಜೊತೆಗೆ ಎಷ್ಟು ದಿನ ಅಂತ ಬಾಯಲ್ಲೂ ಹೇಳಪ್ಪ" ಅಂದರು. ಆ ತಾಯಿಯನ್ನು ನೆನೆದು ನಾನು ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಸ್ವಲ್ಪ ಕಾಲಕ್ಕೇ ಎಂಜಿನಿಯರ್‌ಗೆ ವರ್ಗವಾಯಿತು. ದೇಶದ ಪೂರ್ವದ ತುದಿ, ಅವರ ಊರಿಗೆ ಇಲ್ಲಿಗಿಂತಲೂ ದೂರ. ಆ ಸಾಕ್ಷಿಗೂ ಈ ವರ್ಗಕ್ಕೂ ಸಂಬಂಧವಿದೆ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಡುವ ಹಿಂದಿನ ದಿನ ಬಲವಂತ ಮಾಡಿ ಮನೆಗೆ ಊಟಕ್ಕೆ ಕರೆತಂದೆ. ನನ್ನ ಹೆಂಡತಿ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗುವುದನ್ನು ಹೇಳಿಕೊಟ್ಟಳು. ಅವರು ಅಗಿದೇ ತಿಂದರು. ಪಕ್ಕದಲ್ಲಿ ಕೂತಿದ್ದ ನನ್ನ ಮಗಳಿಗೆ ನಗು ತಡೆಯಲಾಗಲಿಲ್ಲ.

ಊಟದ ನಡುವೆ ಅವರ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ಊರಿನಲ್ಲಿದ್ದ ಅವರ ಪುಟ್ಟ ಮಗು. ಯಾವಾಗ ಬರ್ತೀಯ ಪಪ್ಪಾ ಎಂದು ಹಿಂದಿಯಲ್ಲಿ ಕೇಳಿತು. ಇವರು ಮುದ್ದೆಯ ಕೈಯನ್ನು ಆಚೆ ಹಿಡಿದು ನಗುತ್ತಾ, "ನಾಳೆ ಬಂದುಬಿಡ್ತೀನಿ ಕಂದಾ" ಅಂದರು.

ಅವರ ಬಾಯಲ್ಲಿ ನಾನು ಕೇಳಿದ ಸುಳ್ಳು ಅದೊಂದೇ. ನನ್ನ ಮಗಳು ಅವರ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದಳು. ನಾನು ಎದ್ದು ನೀರು ತರುವ ನೆಪದಲ್ಲಿ ಒಳಗೆ ಹೋದೆ.