ಉಸಿರು ಕಾಯ್ದ ಕಾಯಕ: ಫೌಸ್ತೀನೋ ಮೇಸ್ತ್ರಿಯವರ ಮೂವತ್ತೆಂಟು ವರ್ಷ

“ಇದು ಯಾರ ಉಸಿರಪ್ಪಾ?”

ರೆಗ್ಯುಲೇಟರೊಂದನ್ನು ಬಿಚ್ಚುವ ಮೊದಲು ಫೌಸ್ತೀನೋ ಚಬ್ಲೆಯವರು ಹೀಗೆ ಗಟ್ಟಿಯಾಗಿ ಕೇಳುತ್ತಾರೆ. ಕೇಳುವುದು ಯಾರನ್ನೂ ಅಲ್ಲ, ಉತ್ತರಕ್ಕೆ ಅವರು ಕಾಯುವುದೂ ಇಲ್ಲ. ಸಿಲಿಂಡರಿನಲ್ಲಿ ಅದುಮಿಟ್ಟ ಗಾಳಿಯನ್ನು ಹದಕ್ಕೆ ತಂದು, ನೀರಿನಾಳದಲ್ಲಿರುವವರ ಬಾಯಿಗೆ ತಲುಪಿಸುವ ಆ ಹಿತ್ತಾಳೆಯ ಗಂಟನ್ನು ಅವರು ಬರೀ ಯಂತ್ರವೆಂದು ಕಂಡವರಲ್ಲ. ಕೊಸುಮೆಲ್ ದ್ವೀಪದ ಹವಳದ ದಂಡೆಗಳನ್ನು ನೋಡಿ ಹೊಗಳಿದವರು ಲಕ್ಷಾಂತರ ಮಂದಿ. ಅವರನ್ನು ಕೆಳಗಿಳಿಸಿದ ಮಾರ್ಗದರ್ಶಿಗಳ ಹೆಸರನ್ನು ನೆನಪಿಟ್ಟವರು ಸಾವಿರಾರು. ಅವರೆಲ್ಲ ಮೇಲೆ ಬಂದು ಹೊಗಳಲು ಉಸಿರುಳಿಸಿದ ರಿಪೇರಿಯವರ ಮುಖ ಕಂಡವರು ಮಾತ್ರ ಬೆರಳೆಣಿಕೆಯಷ್ಟು. ಆ ಕಾಣದ ಕೈಗಳಲ್ಲಿ ನಮ್ಮ ದ್ವೀಪದ ಮಟ್ಟಿಗೆ ಅಗ್ರಗಣ್ಯರು, ಈ ತಿಂಗಳು ನಿವೃತ್ತರಾಗುತ್ತಿರುವ ಫೌಸ್ತೀನೋ ಮೇಸ್ತ್ರಿಯವರು.

ಹೊಲಿಗೆ ಯಂತ್ರ ರಿಪೇರಿ ಬಿಟ್ಟು ನಮ್ಮ ಮುಳುಗುಗಾರರ ಸಹಕಾರ ಸಂಘದ ಕಾರ್ಯಾಗಾರಕ್ಕೆ ಬಂದಾಗ ಅವರಿಗೆ ಇಪ್ಪತ್ತೇಳು. ಮಗಳನ್ನು ಕೊಟ್ಟ ಅತ್ತೆಗೆ ಅದು ಹಿಡಿಸಲಿಲ್ಲ. “ದೋಣಿ ಮೇಲಿದ್ದೋರಿಗೆ ಡಾಲರ್ ಇನಾಮು ಸಿಗುತ್ತೆ. ನಿಮಗೇನು ಸಿಗುತ್ತೆ ಅಳಿಯಂದ್ರೇ, ಉಪ್ಪಾ?”

“ಉಪ್ಪೇ ಅತ್ತೆ. ಸಲಕರಣೆ ತಿನ್ನೋ ಅದು ಸಮುದ್ರದಲ್ಲಿ ಮುಗಿಯೋವರೆಗೂ ನನ್ನ ಕೆಲಸ ಹೋಗಲ್ಲ.”

ಈ ವೃತ್ತಿಗೆ ಮುಂದೆ ಏನು ಗತಿ ಎಂದು ಇಂದಿಗೂ ಕೇಳುವವರಿದ್ದಾರೆ. ಅವರು ಮೇಸ್ತ್ರಿಯವರ ಶಿಷ್ಯರನ್ನು ನೋಡಬೇಕು. ಒಬ್ಬರು ಮೆರಿದಾದ ಅಗ್ನಿಶಾಮಕ ದಳದವರು ಹೊಗೆಯೊಳಗೆ ತೊಡುವ ಉಸಿರಾಟದ ಸಲಕರಣೆಗಳನ್ನು ನೋಡಿಕೊಳ್ಳುತ್ತಾರೆ. ಮತ್ತೊಬ್ಬರು ಕಾನ್ಕೂನಿನ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊಳವೆಗಳ ಹೊಣೆ ಹೊತ್ತಿದ್ದಾರೆ. ಮೂರನೆಯವರು ಲಾ ಪಾಸ್‌ನಲ್ಲಿ ಸ್ವಂತ ಕಾರ್ಯಾಗಾರ ತೆರೆದು ಆರು ಮಂದಿಗೆ ಕೆಲಸ ಕೊಟ್ಟಿದ್ದಾರೆ. ನಮಗಿದು ಹೆಮ್ಮೆಯ ಮಾತು.

ಅವರ ತಾಯಿ ಸಂಜೆ ಸಂಜೆ ಜಪಮಣಿ ಹಿಡಿದು ರಾಗವಾಗಿ ಪ್ರಾರ್ಥನೆ ಹೇಳುತ್ತಿದ್ದರಂತೆ. ಆ ಲಯ ಮಗನ ಕೆಲಸದೊಳಗೂ ಇಳಿಯಿತು. ಜೋಡಿಸಿದ ರೆಗ್ಯುಲೇಟರಿಗೆ ಒತ್ತಡದ ಮಾಪಕ ಸಿಕ್ಕಿಸಿದ ಮೇಲೆ ಅವರು ಗಡಿಯಾರ ನೋಡುವುದಿಲ್ಲ. ಮಾತೆ ಮರಿಯಾಳಿಗೆ ಹತ್ತು ಬಾರಿ ವಂದನೆ ಹೇಳುತ್ತಾರೆ. ಅಷ್ಟು ಹೊತ್ತೂ ಮುಳ್ಳು ಕದಲದೆ ನಿಂತರೆ ಮಾತ್ರ ತಮ್ಮ ಹೆಸರಿನ ಚೀಟಿ ಕಟ್ಟುತ್ತಾರೆ. ಆ ಚೀಟಿಯಿಲ್ಲದ ಸಲಕರಣೆ ನಮ್ಮ ದೋಣಿ ಹತ್ತುವಂತಿಲ್ಲ. ದೊಡ್ಡ ಚಂಡಮಾರುತ ಕಾರ್ಯಾಗಾರದೊಳಕ್ಕೆ ಮರಳು ತುಂಬಿಸಿ ಹೋದಾಗ, ಸ್ವಂತ ಮನೆಯ ಚಾವಣಿ ಹಾರಿದ್ದರೂ, ಇನ್ನೂರಕ್ಕೂ ಹೆಚ್ಚು ರೆಗ್ಯುಲೇಟರುಗಳನ್ನು ಒಂದೊಂದಾಗಿ ಬಿಚ್ಚಿ ಸಿಹಿನೀರಿನಲ್ಲಿ ತೊಳೆದವರು ಅವರು. ನೀರಿಗಿಳಿದು ಹಿಡಿಯುವ ಮೀನುಗಾರರ ಸಲಕರಣೆಗಳನ್ನೇ ಮೊದಲು ಮುಗಿಸಿದರು. ಆ ಮನೆಗಳಲ್ಲಿ ಒಲೆ ಹೊತ್ತಬೇಕಿತ್ತು.

ಇಂಥವರು ನಿವೃತ್ತಿಗೆ ಒಂದು ವರ್ಷವಿರುವಾಗ ಚಿಂತೆಗೆ ಬಿದ್ದರು. ತಮ್ಮ ಜಾಗಕ್ಕೆ ಯಾರೆಂದು ಮೇಸ್ತ್ರಿಯೇ ಹೆಸರು ಬರೆದುಕೊಡಬೇಕು, ಇಲ್ಲದಿದ್ದರೆ ಕಾರ್ಯಾಗಾರ ಮುಚ್ಚಿ ಸಲಕರಣೆಗಳನ್ನು ರಿಪೇರಿಗೆ ಹಡಗಿನಲ್ಲಿ ಆಚೆ ದಡಕ್ಕೆ ಕಳಿಸುವುದು ಎಂದು ಸಂಘ ತೀರ್ಮಾನಿಸಿತ್ತು. ಜೊತೆಯಲ್ಲಿ ಏಳು ವರ್ಷ ದುಡಿದ ಲೀಗಿಯಾ ಕಂಚೆಯವರ ಕೈಚಳಕದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಆದರೆ ಒಂದು ಬೆಳಿಗ್ಗೆ ಮಾರ್ಗದರ್ಶಿ ಗೋಯೋ ಬಾಗಿಲಲ್ಲಿ ನಿಂತು, “ಕೊಡು ತಾಯಿ, ದೋಣಿ ಹೊರಡ್ತಿದೆ, ನಿನ್ನ ಕಾಲಿಗೆ ಬೀಳ್ತೀನಿ” ಎಂದು ಗೋಗರೆದಾಗ, ಆಕೆ ಹತ್ತು ವಂದನೆ ಮುಗಿಯುವ ಮೊದಲೇ ಚೀಟಿ ಕಟ್ಟಿ ಕೊಟ್ಟುಬಿಟ್ಟಿದ್ದರು. ಮೇಸ್ತ್ರಿ ಬರಿಗಾಲಲ್ಲಿ ದೋಣಿಕಟ್ಟೆಗೆ ಓಡಿ ಆ ರೆಗ್ಯುಲೇಟರನ್ನು ಕಿತ್ತುಕೊಂಡರು.

“ನಾಳೆ ನಿನ್ನ ಹೆಂಡ್ತಿ ಬಂದು ಕೇಳಿದ್ರೆ ಏನನ್ಲೋ ಗೋಯೋ? ದೋಣಿಗೆ ಅರ್ಜೆಂಟಿತ್ತು ಅನ್ಲಾ?”

ಲೀಗಿಯಾಗೆ ಗದರಲಿಲ್ಲ. ಮಧ್ಯಾಹ್ನ ಪಾನೂಚೋ ರೊಟ್ಟಿ ಹಂಚಿಕೊಂಡು ತಿನ್ನುವಾಗ ಇಷ್ಟೇ ಹೇಳಿದರು: “ಕೈ ನನಗಿಂತ ಚೆನ್ನಾಗಿದೆ ಮಗಳೇ. ಆದ್ರೆ ಯಾರು ಹಲ್ಲುಗಿಂಜಿದ್ರೂ ಕರಗ್ತೀಯ. ಹೀಗಿದ್ರೆ ಈ ಮೇಜು ನಿನಗೆ ಹೇಗೆ ಬಿಟ್ಟುಕೊಡ್ಲಿ?”

ಕಳೆದ ಶನಿವಾರ ಅವರು ಸಂಘಕ್ಕೆ ಲೀಗಿಯಾರ ಹೆಸರು ಬರೆದುಕೊಟ್ಟರು. ಕಾರ್ಯಾಗಾರ ಉಳಿಯಿತು. ಮಾತೆ ಮರಿಯಾ ಮೇಸ್ತ್ರಿಯವರಿಗೆ ತುಂಬು ಆಯುಸ್ಸು ಕೊಡಲಿ, ಆ ಕಣ್ಣು ಆ ಬೆರಳು ಇನ್ನೂ ಹಲವರಿಗೆ ಪಾಠ ಹೇಳಲಿ ಎಂದು ಹಾರೈಸುತ್ತಾ, ಆ ಹೆಸರು ಬಂದದ್ದು ಹೇಗೆಂಬುದನ್ನೂ ಇಲ್ಲಿ ದಾಖಲಿಸಬೇಕು.

ಅಂದು ಬೆಳಿಗ್ಗೆ ಬೀಳ್ಕೊಡುಗೆಯೆಂದು ಸಂಘ ಅವರನ್ನು ಹವಳದ ದಂಡೆಯ ಬಳಿ ಮುಳುಗಲು ಆಹ್ವಾನಿಸಿತ್ತು. ಮೇಸ್ತ್ರಿ ಮೂವತ್ತು ವರ್ಷದಿಂದ ಬಳಸಿದ ತಮ್ಮದೇ ರೆಗ್ಯುಲೇಟರನ್ನು ಲೀಗಿಯಾರ ಮುಂದೆ ಮೇಜಿನ ಮೇಲಿಟ್ಟು, “ನಾನೇ ಸರಿಮಾಡಿದೀನಿ. ನನ್ನದಕ್ಕೆ ನಾನೇ ಕಟ್ಟಬಾರದು, ನೀನು ಚೀಟಿ ಕಟ್ಟು ಸಾಕು” ಎಂದರು. ಅದರ ಬಿಡಿಭಾಗ ತಯಾರಾಗುವುದು ನಿಂತು ವರ್ಷಗಳಾಗಿದ್ದವು.

“ಮೇಸ್ತ್ರಿದನ್ನೂ ಬಿಚ್ತೀಯೇನಮ್ಮಾ?” ಎಂದು ಗೋಯೋ ನಕ್ಕ.

ಲೀಗಿಯಾ ಬಿಚ್ಚಿದರು. ಒಳಗೆ, ಗಾಳಿ ಸೋರದಂತೆ ತಡೆಯುವ ಜಾಗದಲ್ಲಿ, ಬೇರಾವುದೋ ರಬ್ಬರು ಬಳೆಯನ್ನು ಕತ್ತರಿಸಿ ಕೂರಿಸಲಾಗಿತ್ತು. ಬೇರೆಯವರು ತಂದಿದ್ದರೆ ಮೇಸ್ತ್ರಿ ಕಸದ ಬುಟ್ಟಿಗೆ ಎಸೆಯುತ್ತಿದ್ದಂಥದ್ದು.

“ಇದರದ್ದಲ್ಲ ಈ ಬಳೆ, ಮೇಸ್ತ್ರಿ.”

“ಗೊತ್ತು ಮಗಳೇ. ಇದರದ್ದು ಎಲ್ಲೂ ಸಿಗಲ್ಲ. ಇವತ್ತೊಂದು ದಿನ, ನನಗೋಸ್ಕರ.” ತಮ್ಮ ದನಿ ಗೋಗರೆಯುತ್ತಿರುವುದು ಅವರಿಗೇ ಕೇಳಿಸಿತು. ಆದರೂ ಆಸೆ ಬಿಡಲಿಲ್ಲ.

ಲೀಗಿಯಾರ ಕಣ್ಣು ತುಂಬಿತ್ತು. ಬಿಚ್ಚಿದ ತುಂಡುಗಳನ್ನೆಲ್ಲ ಬಟ್ಟೆಯಲ್ಲಿ ಗಂಟುಕಟ್ಟಿ ಅವರ ಕೈಗಿಟ್ಟರು.

“ಚೀಟಿ ಕಟ್ಟಲ್ಲ, ಮೇಸ್ತ್ರಿ.”