ಕುರಿ ಅಂತ ಬರ್ಕೊಳ್ರಿ

ನಾನು ದನದ ಡಾಕ್ಟರಲ್ಲ. ಡಾಕ್ಟರ ಕೈಕೆಳಗೆ ಲಸಿಕೆ ಹಾಕುವ ಇನ್‌ಸ್ಪೆಕ್ಟರ್. ಆದರೆ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಸಿರಿಂಜು ಹಿಡಿದವರೆಲ್ಲ ಡಾಕ್ಟರೇ. ನಾನೂ ತಿದ್ದಲು ಹೋಗಲಿಲ್ಲ. ನೌಕರಿಗೆ ಸೇರಿದ್ದು ತೊಂಬತ್ತೇಳರಲ್ಲಿ. ಕೊಪ್ಪಳ ಆಗಷ್ಟೇ ಜಿಲ್ಲೆಯಾಗಿತ್ತು. ನಮ್ಮ ಆಸ್ಪತ್ರೆಯ ಬೋರ್ಡಿನ ಮೇಲೆ ಇನ್ನೂ ರಾಯಚೂರು ಜಿಲ್ಲೆ ಅಂತಲೇ ಇತ್ತು. ಅದನ್ನು ಅಳಿಸುವುದು ಯಾರ ಕೆಲಸ ಎಂಬುದು ತೀರ್ಮಾನವಾಗುವವರೆಗೆ ನಾವು ಎರಡು ಜಿಲ್ಲೆಗಳ ನೌಕರರಾಗಿದ್ದೆವು.

ಮರುವರ್ಷ ಮುಂಗಾರಿಗೆ ಮೊದಲು ತಾವರಗೇರಾ ಕಡೆಯ ಒಂದು ಕುರಿಹಟ್ಟಿಗೆ ಕರುಳುಬೇನೆಯ ಲಸಿಕೆ ಹಾಕಲು ಹೋದೆ. ಹಟ್ಟಿಯ ಯಜಮಾನ ಐವತ್ತರ ಆಸುಪಾಸಿನವನು, ಮಾತು ಕಡಿಮೆ. ಇಡೀ ಹಿಂಡಿಗೆ ಹಾಕಿಸಿದ. ಮರುದಿನ ಬೆಳಿಗ್ಗೆ ಅವನ ಮೂರು ಕುರಿ ಸತ್ತವೆಂದು ಆಸ್ಪತ್ರೆಗೆ ಸುದ್ದಿ ಬಂತು.

ನಮ್ಮ ಹಳೆಯ ಕಂಪೌಂಡರು ನನ್ನನ್ನು ಪಕ್ಕಕ್ಕೆ ಕರೆದು, “ತಮ್ಮಾ, ಹದಿನೈದು ದಿನ ಆ ಕಡಿ ಮಾರಿ ಹಾಕಬ್ಯಾಡ. ಮಂದಿ ತಾವ ಮರೀತಾರ” ಅಂದರು.

ಸಲಹೆ ನನಗೆ ಬಹಳ ಹಿಡಿಸಿತು. ಪಾಲಿಸುವವನೇ ಇದ್ದೆ. ಆದರೆ ಲಸಿಕೆ ಒಯ್ದಿದ್ದ ಥರ್ಮಾಸನ್ನು ಹಟ್ಟಿಯಲ್ಲೇ ಮರೆತು ಬಂದಿದ್ದೆ. ಅದು ಸರ್ಕಾರದ ಆಸ್ತಿ, ನಾನು ಸಹಿ ಮಾಡಿ ಪಡೆದದ್ದು. ಸತ್ತ ಕುರಿಗಳಿಗಿಂತ ಆ ಸಹಿಯ ಹೆದರಿಕೆ ಹೆಚ್ಚಾಗಿತ್ತು. ಮಧ್ಯಾಹ್ನದ ಬಸ್ಸಿಗೆ ಹೋದೆ.

ಥರ್ಮಾಸನ್ನು ತೊಳೆದು ಬಾಗಿಲ ಪಕ್ಕದಲ್ಲೇ ಇಟ್ಟಿದ್ದರು. ಸತ್ತ ಮೂರು ಕುರಿ ಬೇಲಿಯ ಬದಿಗಿದ್ದವು. ಯಜಮಾನ ನನ್ನನ್ನು ನೋಡಿದ, ಬೈಯಲಿಲ್ಲ. ಬೈದಿದ್ದರೆ ಥರ್ಮಾಸ ಎತ್ತಿಕೊಂಡು ಹೊರಟುಬಿಡುತ್ತಿದ್ದೆ. ಅವನ ಹೆಂಡತಿ ಒಂದು ಚರಿಗೆ ಮಜ್ಜಿಗೆ ತಂದುಕೊಟ್ಟಳು. ಕುಡಿಯುತ್ತಿದ್ದಾಗ, ಮೂಲೆಯಲ್ಲಿ ಇನ್ನೊಂದು ಕುರಿ ತಲೆ ಕೆಳಗೆ ಹಾಕಿ ನಿಂತದ್ದು ಕಂಡಿತು. ಹೋಗಿ ಅದರ ಹತ್ತಿರ ಕುಳಿತೆ.

“ನಿನ್ನಿ ಲಸಿಕಿ ಹಾಕೂಕಿಂತ ಮೊದ್ಲ ಯಾವುದಾರ ಮೇವು ಬಿಟ್ಟಿತ್ತೇನ್ರಿ?” ಎಂದು ಕೇಳಿದೆ.

“ನಾಕೈದು ಬಿಟ್ಟಿದ್ವು” ಅಂದ. “ನೀವು ಕೇಳಲಿಲ್ಲ.”

“ಹಂಗಾದ್ರ ಬ್ಯಾನಿ ಆಗಲೇ ಹೊಕ್ಕಿತ್ರಿ. ಹೊಕ್ಕ ಮ್ಯಾಲ ಲಸಿಕಿ ಉಪಯೋಗಿಲ್ಲ. ನಾ ಕೇಳಬೇಕಿತ್ತು. ತಪ್ಪು ನಂದು.”

ಅವನು “ಉಣ್ಣಾಕ ಬರ್ರಿ” ಅಂದ. ಎರಡು ದಿನ ಅಲ್ಲೇ ಉಳಿದೆ. ನಾಲ್ಕನೆಯ ಕುರಿಯೂ ಸತ್ತಿತು. ಮೇವು ಬಿಟ್ಟಿದ್ದ ಐದನೆಯದು ಉಳಿಯಿತು.

ಅಲ್ಲಿಂದ ಮುಂದೆ ಆ ಹಟ್ಟಿಯಲ್ಲಿ ಬೇರೆಯವರ ಸಿರಿಂಜು ನಡೆಯಲಿಲ್ಲ. ನನಗೆ ಯಲಬುರ್ಗಾಕ್ಕೆ ವರ್ಗವಾದಾಗಲೂ ಹೇಳಿ ಕಳಿಸುತ್ತಿದ್ದ. ನಾನು ಮೇಲಿನವರ ಅಪ್ಪಣೆ ಕೇಳಿ ಹೋಗಿಬರುತ್ತಿದ್ದೆ. ಅವನದೇ ಒಂದು ಪದ್ಧತಿಯಿತ್ತು. ಮೊದಲ ದಿನ ಮುದಿ ಕುರಿಗಳಿಗೆ ಮಾತ್ರ. ಮರುದಿನ ಅವು ಮೇವು ತಿಂದರೆ ಉಳಿದವುಗಳಿಗೆ. ಇದು ಯಾವ ಪುಸ್ತಕದಲ್ಲೂ ಇಲ್ಲವೆಂದು ಅವನಿಗೆ ಹೇಳಿದ್ದೆ. “ಪುಸ್ತಕಾ ಬರದಾವರು ಕುರಿ ಸಾಕ್ಯಾರೇನು?” ಎಂದು ಕೇಳಿದ. ವಿಚಾರಿಸಿ ಹೇಳುತ್ತೇನೆ ಅಂದೆ.

ಕೊರೊನಾ ಬಂದ ಮರುವರ್ಷ ಮಂದಿಗೇ ಲಸಿಕೆ ಬಂತು. ಒಂದು ದಿನ ಆ ಹಟ್ಟಿಯ ಊರಿನ ಆರೋಗ್ಯ ಇಲಾಖೆಯ ನರ್ಸ್ ನನಗೆ ಫೋನ್ ಮಾಡಿದರು. “ಸರ್, ನಾ ನಾಕ್ ಸಲ ಹೋಗಿ ಬಂದೀನಿ. ಹಟ್ಟ್ಯಾಗ ಒಬ್ಬರೂ ತೋಳು ಕೊಡವಲ್ರು. ನಿಮ್ಮನ್ನ ಕೇಳ್ತಾರ. ಒಮ್ಮೆ ಬಂದು ಹೋಗ್ರಿ.”

ಹೋದೆ. ಯಜಮಾನನೀಗ ಎಲ್ಲರಿಗೂ ಅಜ್ಜ. ಕಟ್ಟೆಯ ಮೇಲೆ ಕುಳಿತಿದ್ದ. ನರ್ಸ್ ಐಸ್ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಮರದ ಕೆಳಗೆ ಕುಳಿತಿದ್ದರು. ಅಜ್ಜನ ಮಗ ತನ್ನ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಯಾವುದೋ ದೇಶದ ಹೆಂಗಸೊಬ್ಬಳು, ಲಸಿಕೆ ಹಾಕಿಸಿಕೊಂಡ ತನ್ನ ತೋಳಿಗೆ ಚಮಚ ಅಂಟಿಸಿಕೊಂಡು ಏನೋ ಹೇಳುತ್ತಿದ್ದಳು. ಏನು ಹೇಳುತ್ತಾಳೆಂದು ಹಟ್ಟಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅಷ್ಟು ದೂರದವಳು ಸುಳ್ಳು ಹೇಳಿ ನಮ್ಮಿಂದ ಪಡೆಯುವುದೇನು ಎಂಬುದು ಅವರ ವಾದ.

“ಡಾಕ್ಟ್ರ, ನೀವ ಹಾಕ್ರಿ” ಅಂದ ಅಜ್ಜ.

“ನನಗ ಮಂದಿಗೆ ಹಾಕೂ ಹಕ್ಕಿಲ್ರಿ ಅಜ್ಜಾರ. ನೌಕರಿ ಹೋಗ್ತೈತಿ.”

“ಕುರಿ ಅಂತ ಬರ್ಕೊಳ್ರಿ.”

ನರ್ಸ್ ಮುಖ ತಿರುಗಿಸಿದರು. ನಗುತ್ತಿದ್ದರೋ ಏನೋ, ಮಾಸ್ಕಿನಿಂದಾಗಿ ತಿಳಿಯಲಿಲ್ಲ. ಅಜ್ಜ ಅವರನ್ನೇ ಕೇಳಿದ, “ಬಾಯಾರ, ನಾಳಿ ಬರ್ತೀರೇನು?”

“ನಾಳಿ ಬ್ಯಾರೆ ಊರಿಗೆ ಡ್ಯೂಟಿ ಐತಿ ಅಜ್ಜಾ.”

“ನೋಡ್ರಿ ಡಾಕ್ಟ್ರ. ಇದ ನನ್ನ ತಕರಾರು. ಹಾಕಿ ಹೋಗಾವರು ಭಾಳ ಮಂದಿ.”

“ನಾಳಿ ನಾ ಇರ್ತೀನಿ” ಅಂದೆ. ಅಂದಮೇಲೆ ನಾಳೆ ಭಾನುವಾರವೆಂದು ನೆನಪಾಯಿತು.

ಅಜ್ಜ ನರ್ಸಿನ ಕಡೆ ತಿರುಗಿದ. “ಸರ್ಕಾರದಾವರು ಮೊದಲ ಮುದುಕರಿಗೆ ಹಾಕ್ರಿ ಅಂದಾರಂತ, ಖರೇ ಏನು?”

“ಖರೇ ಅಜ್ಜಾ, ಮುದುಕರಿಗೆ ಮೊದ್ಲ” ಅಂದರು ನರ್ಸ್.

“ಮತ್ತ ಅದನ್ನ ಮೊದ್ಲ ಹೇಳಬೇಕಿಲ್ಲ? ಶಾಣ್ಯಾರದಾರ. ಹೋದ್ರ ಮುದುಕರು ಹೋಗ್ತಾರ, ಲುಕ್ಸಾನ ಕಡಿಮಿ.” ಹೀಗೆಂದು ಅಂಗಿಯ ತೋಳು ಮೇಲೇರಿಸಿದ. ಸರ್ಕಾರದ ಉದ್ದೇಶ ಅದಲ್ಲವೆಂದು ನರ್ಸ್ ಬಾಯಿ ತೆರೆದರು. ನಾನು ಬೇಡವೆಂದು ಕೈಸನ್ನೆ ಮಾಡಿದೆ. ಅವರು ಸೂಜಿ ಹಾಕಿದರು. ಹಟ್ಟಿಯ ಇತರ ಮುದುಕರೂ ಒಬ್ಬೊಬ್ಬರಾಗಿ ಬಂದು ಕುಳಿತರು.

ಮರುದಿನ ಹೋದಾಗ ಅಜ್ಜ ಕಂಬಳಿ ಹೊದ್ದು ಮಲಗಿದ್ದ. ಮೈ ಸುಡುತ್ತಿತ್ತು. “ನಿನ್ನಿ ಗಟ್ಟಿ ಇದ್ರು” ಎಂದು ಅಜ್ಜಿ ನನ್ನ ಕಡೆ ನೋಡದೆ ಹೇಳಿದಳು. ನರ್ಸಿಗೆ ಫೋನ್ ಮಾಡಿದೆ. ಜ್ವರ ಬರುವುದು ಸಹಜ, ನಿನ್ನೆ ಕೊಟ್ಟ ಗುಳಿಗೆ ಕೊಡಿ ಅಂದರು. ಗುಳಿಗೆ ಹಾಗೆಯೇ ಇತ್ತು. ಕೊಟ್ಟು, ಪಕ್ಕದಲ್ಲಿ ಕುಳಿತೆ. ಹೊರಗೆ ಹಟ್ಟಿಯ ಪ್ರಾಯದವರೆಲ್ಲ ಸೇರಿ, ಅಜ್ಜ ಮೇವು ತಿನ್ನುವುದನ್ನೇ ಕಾಯುತ್ತಿದ್ದರು.

ನನಗೆ ನಿಜವಾಗಿಯೂ ಭಯವಾಗಿತ್ತು. ಭಯಕ್ಕೆ ಏನೇನೋ ಮಾತಾಡುವುದು ನನ್ನ ಸ್ವಭಾವ. “ಅಜ್ಜಾರ, ಒಂದು ಮಾತು ಹೇಳಬೇಕು. ಆಗ ಕುರಿ ಸತ್ತಾಗ ನಾ ಬಂದದ್ದು ಕುರಿ ನೋಡಾಕಲ್ಲ. ಥರ್ಮಾಸ ಒಯ್ಯಾಕ ಬಂದಿದ್ನಿ.”

ಅಜ್ಜ ಕಣ್ಣು ತೆರೆಯಲಿಲ್ಲ. “ಗೊತ್ತೈತಿ. ಅದಕ್ಕ ಬಾಗಲದಾಗ ಇಟ್ಟಿದ್ನಿ. ಒಳಗ ಬರದ ತಗೊಂಡು ಹೋಗಬಹುದಿತ್ತು. ನೀವು ಕುಂತ್ರಿ.”

ಇಪ್ಪತ್ತಕ್ಕೂ ಹೆಚ್ಚು ವರ್ಷ ಒಂದು ಸುಳ್ಳನ್ನು ಹೊತ್ತುಕೊಂಡಿದ್ದೇನೆ ಅಂದುಕೊಂಡಿದ್ದೆ. ಹೊತ್ತದ್ದು ನಾನೊಬ್ಬನೇ. ಅವನ ಕಂಬಳಿ ಸರಿಮಾಡಿದೆ.

ಸಂಜೆಗೆ ಜ್ವರ ಇಳಿಯಿತು. ಅಜ್ಜ ಎದ್ದು ಕುಳಿತು ಒಂದು ರೊಟ್ಟಿ ತಿಂದ. ಆಮೇಲೆ ಚಮಚ ತರಿಸಿ ತೋಳಿಗೆ ಒತ್ತಿ ನೋಡಿದ. ಅದು ಬಿತ್ತು. ಇನ್ನೊಮ್ಮೆ ಒತ್ತಿದ. ಮತ್ತೆ ಬಿತ್ತು. “ಇದು ಸ್ಟೀಲಿಂದು” ಎಂದು ಮಗ ಅನುಮಾನ ತೆಗೆದ. ಕಬ್ಬಿಣದ ಸೌಟು ತಂದರು. ಅದು ಅಜ್ಜನ ಕಾಲ ಮೇಲೆ ಬಿತ್ತು. ಲಸಿಕೆಯಿಂದ ಆ ಹಟ್ಟಿಯಲ್ಲಾದ ಗಾಯ ಅದೊಂದೇ. ಎರಡು ದಿನ ಬಿಟ್ಟು ನರ್ಸ್ ಬಂದಾಗ ಉಳಿದವರೆಲ್ಲ ಹಾಕಿಸಿಕೊಂಡರು.

ಅದೇ ವರ್ಷ ನನಗೆ ಗಂಗಾವತಿ ಕಡೆಗೆ ವರ್ಗವಾಯಿತು. ಸಾಣಾಪುರದ ಕೆರೆಯ ಹತ್ತಿರ ಒಬ್ಬ ವಿದೇಶಿ ಬಾಡಿಗೆ ಕೋಣೆಯಲ್ಲಿದ್ದ. ಪ್ರವಾಸಕ್ಕೆ ಬಂದು ಲಾಕ್‌ಡೌನಿನಲ್ಲಿ ಸಿಕ್ಕಿಕೊಂಡವನು ಅಲ್ಲೇ ಉಳಿದಿದ್ದ. ಒಂದು ಬೀದಿನಾಯಿ ಸಾಕಿಕೊಂಡಿದ್ದ. ಅದನ್ನು ನನ್ನ ಹತ್ತಿರ ತರುತ್ತಿದ್ದ, ಅದಕ್ಕೆ ಯಾವ ಲಸಿಕೆಯೂ ತಪ್ಪುವಂತಿರಲಿಲ್ಲ. ತಾನು ಮಾತ್ರ ಕೊರೊನಾದ ಒಂದು ಡೋಸನ್ನೂ ಹಾಕಿಸಿಕೊಂಡಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ ಮೊಬೈಲು ತೆಗೆದು ಅದೇ ಚಮಚದ ಹೆಂಗಸನ್ನು ತೋರಿಸಿದ. ಅವನದೇ ದೇಶದವಳಂತೆ. ಲಸಿಕೆಯಿಂದ ತೋಳು ಅಯಸ್ಕಾಂತವಾಗುತ್ತದೆ ಎಂದು ಅವಳು ಹೇಳುತ್ತಿದ್ದುದು ನನಗೆ ಅಂದು ಅವನಿಂದ ತಿಳಿಯಿತು. ತಿಳಿಯದಿದ್ದಾಗಲೇ ವಿಡಿಯೋ ಚೆನ್ನಾಗಿತ್ತು.

ನನ್ನ ಇಂಗ್ಲಿಷ್ ದನಗಳ ರೋಗಕ್ಕಷ್ಟೇ ಸಾಕಾಗುತ್ತದೆ. ಆದರೂ ಮಾತಾಡಿದೆವು.

“ನಮ್ಮಲ್ಲಿ ಸರ್ಕಾರವನ್ನು ನಂಬುವವರು ಹಾಕಿಸಿಕೊಂಡರು, ನಂಬದವರು ಬಿಟ್ಟರು” ಅಂದ. “ನಿಮ್ಮ ಜನ ಸರ್ಕಾರವನ್ನು ನಂಬುತ್ತಾರೆಯೇ?”

“ಇಲ್ಲ.”

“ಮತ್ತೆ ಎಲ್ಲರೂ ಹೇಗೆ ಹಾಕಿಸಿಕೊಂಡರು?”

ನನಗೆ ಗೊತ್ತಿದ್ದದ್ದು ಒಂದು ಹಟ್ಟಿಯ ಸಂಗತಿ. ಅದನ್ನೇ ಹೇಳಿದೆ. ಅವನು ಕೊನೆಯವರೆಗೂ ಗಂಭೀರವಾಗಿ ಕೇಳಿ, ಮುದಿ ಕುರಿಗಳ ವಿಷಯವನ್ನು ಎರಡು ಸಲ ಹೇಳಿಸಿಕೊಂಡ. ಅವನ ಮನಸ್ಸು ಬದಲಾಗಲಿಲ್ಲ.

ಬದಲಾದದ್ದು ಊರಿಗೆ ಹೊರಟಾಗ. ನಾಯಿಯನ್ನೂ ಒಯ್ಯುವವನಿದ್ದ. ವಿಮಾನದ ಕಾಗದ ಪತ್ರ ನೋಡಿದಾಗ ನಾಯಿಯದೆಲ್ಲ ಸರಿಯಾಗಿತ್ತು, ಅದು ಹೋಗಬಹುದಿತ್ತು. ಲಸಿಕೆಯ ಕಾಗದವಿಲ್ಲದೆ ಅವನು ಹೋಗುವಂತಿರಲಿಲ್ಲ. ಮರುದಿನ ನನ್ನ ಬೈಕಿನ ಹಿಂದೆ ಕುಳಿತು ಸರ್ಕಾರಿ ಆಸ್ಪತ್ರೆಗೆ ಬಂದ. ಹಾಕಿಸಿಕೊಂಡ. ಅರ್ಧ ಗಂಟೆ ಬೆಂಚಿನ ಮೇಲೆ ಕೈಕಟ್ಟಿ ಕುಳಿತ.

“ಈಗ ನಂಬಿಕೆ ಬಂತೇ?” ಎಂದು ಕೇಳಿದೆ.

“ಇಲ್ಲ” ಅಂದ.

ಎರಡನೆಯ ಡೋಸಿನ ದಿನ ನಾನು ಹೋಗುವಷ್ಟರಲ್ಲಿ ಅವನು ಸಾಲಿನಲ್ಲಿ ನಿಂತಾಗಿತ್ತು. ಮುಂದಿದ್ದ ಮುದುಕಿಯೊಬ್ಬಳು ಹೆದರಿ ಹಿಂದೆ ಸರಿಯುತ್ತಿದ್ದಳು. ಅವನು ತನ್ನ ತೋಳು ತೋರಿಸಿ, ಏನೂ ಆಗಲಿಲ್ಲವೆಂದು ತನ್ನ ಭಾಷೆಯಲ್ಲೇ ಅವಳಿಗೆ ವಿವರಿಸುತ್ತಿದ್ದ.